ಪಾವಣೆ ದೋನ್ ಸುತ್ತು

ನಮ್ಮ ಡೊಂಬಿವಲಿಯ ಅಡುಗೆಮನೆಯಲ್ಲಿ ಸೌಟುಗಳ ಸಾಲಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ನೇತಾಡುತ್ತಿರುತ್ತದೆ. ಕುಕ್ಕರಿನ ಹಿಡಿ ಬಿಗಿ ಮಾಡುವುದಕ್ಕೆ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಎಬ್ಬಿಸುವುದಕ್ಕೆ ನನ್ನ ಹೆಂಡತಿ ಶಶಿಗೆ ಅದೇ ಬೇಕು. ಮೊನ್ನೆ ಅದರಿಂದ ತೆಂಗಿನಕಾಯಿಯ ಕಣ್ಣು ಚುಚ್ಚುತ್ತಿದ್ದಳು. ನೋಡಲಾಗದೆ, ಒಂದು ಕಾಲದಲ್ಲಿ ಆ ಸ್ಕ್ರೂಡ್ರೈವರಿಗೆ ಎಂಥ ಗೌರವವಿತ್ತು ಗೊತ್ತೇ ಎಂದು ಕೇಳಿದೆ. "ಗೊತ್ತುಂಟು, ಕಾರು ಹಾಳು ಮಾಡಿದ್ದು ಅದರಲ್ಲೇ ಅಲ್ವಾ?" ಎಂದಳು. ಹೆಂಡತಿಯರ ನೆನಪಿನಲ್ಲಿ ನಮ್ಮ ಸಾಧನೆಗಳು ಹೀಗೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ.

ಇಂಜಿನ್ನಿನ ಹುಚ್ಚು ನನಗೆ ಹಿಡಿದದ್ದು ಬ್ರಹ್ಮಾವರದಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ. ಆಗಿನ ಬಸ್ಸುಗಳಲ್ಲಿ ಡ್ರೈವರನ ಪಕ್ಕದಲ್ಲೇ ಇಂಜಿನ್ನಿನ ಮೇಲೆ ಒಂದು ದೊಡ್ಡ ತಗಡಿನ ಮುಚ್ಚಳ, ಅದರ ಮೇಲೊಂದು ಹರಿದ ರೆಕ್ಸಿನ್. ಜನ ಜಾಸ್ತಿಯಾದರೆ ಕಂಡಕ್ಟರ್ ನಮ್ಮಂಥ ಚಿಳ್ಳೆಪಿಳ್ಳೆಗಳನ್ನು ಎತ್ತಿ ಅಲ್ಲಿ ಕೂರಿಸುತ್ತಿದ್ದ. ಕೆಳಗಿನಿಂದ ಬಿಸಿ, ನಡುಕ, ಡೀಸೆಲ್ಲಿನ ವಾಸನೆ. ಇಳಿದಾಗ ಚಡ್ಡಿಯೊಳಗೆಲ್ಲ ಕೆಂಪಾಗಿರುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತ ಬೈಯುತ್ತಿದ್ದಳು. ಏರು ಬಂದಾಗ ಡ್ರೈವರ್ ಆ ಮುಚ್ಚಳವನ್ನು ಎಡಗೈಯಿಂದ ಮೆಲ್ಲಗೆ ತಟ್ಟುತ್ತಿದ್ದ. ಒಳಗೆ ಯಾವುದೋ ಪ್ರಾಣಿಯೇ ಇದೆಯೆಂದು ನಾನು ಬಹಳ ದಿನ ನಂಬಿದ್ದೆ. ಪ್ರಾಣಿಯಿಲ್ಲ ಎಂದು ತಿಳಿದ ಮೇಲೂ ಆ ಭಯಭಕ್ತಿ ಹೋಗಲಿಲ್ಲ.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಠಾಣೆ ಶಹರದ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಎರಡು ಸಾವಿರದ ಆರೋ ಏಳೋ ಇರಬೇಕು, ಯಾರೋ ಓಡಿಸಿ ಬಿಟ್ಟ ಕಾರೊಂದು ನನ್ನ ಪಾಲಿಗೆ ಬಂತು. ಕಾರ್ಬೊರೇಟರ್ ಕಾಲದ ಗಾಡಿ. ಅದಕ್ಕೆ ಪವರ್ ಹೆಚ್ಚಿಸಬೇಕು, ಘಾಟಿಯಲ್ಲಿ ಮೂರನೇ ಗೇರಿನಲ್ಲೇ ಹತ್ತಬೇಕು ಎಂದು ನಾನು ಹೊರಟಾಗ ಶಶಿ ಒಂದೇ ಪ್ರಶ್ನೆ ಕೇಳಿದಳು: ಡೊಂಬಿವಲಿಯಲ್ಲಿ ಎರಡನೇ ಗೇರು ಹಾಕುವುದಕ್ಕೆ ಜಾಗ ಎಲ್ಲುಂಟು? ಸ್ಟೇಷನ್ನಿನಿಂದ ನಮ್ಮ ಸೊಸೈಟಿಯ ತನಕ ರಿಕ್ಷಾಗಳ ಹಿಂದೆ ತೆವಳುವುದೇ ನಮ್ಮ ಡ್ರೈವಿಂಗ್. ನಡೆದುಕೊಂಡು ಹೊರಟವರು ಮನೆ ಮುಟ್ಟಿ, ಚಹಾ ಕುಡಿದು, ಬಾಲ್ಕನಿಯಲ್ಲಿ ನಿಂತು ನಮ್ಮ ಕಾರು ಬರುವುದನ್ನು ನೋಡಬಹುದು. ಆದರೆ ಹುಚ್ಚಿಗೆ ರಸ್ತೆ ಬೇಕಿಲ್ಲ.

ಮೊದಲು ಸಿಕ್ಕಿದವನು ಕಾಮೋಠೆಯ ಕಡೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಮಾತಿನ ಮಲ್ಲ. ಹೆಸರು ಬೇಡ. ಅವನು ಮಾತೆತ್ತಿದರೆ ಸ್ಟೇಜ್ ಒನ್, ಸ್ಟೇಜ್ ಟೂ ಎನ್ನುತ್ತಿದ್ದ. ಯಕ್ಷಗಾನದ ಊರಿನ ನನಗೆ ಎರಡನೇ ವೇಷ, ಮೂರನೇ ವೇಷದ ನೆನಪಾಗಿ ಖುಷಿಯಾಯಿತು. ಕೊನೆಗೆ ಅವನು ಮಾಡಿದ್ದು ವೇಷ ಕಟ್ಟಿದ್ದೇ. ಹಾಲಿನ ಕ್ಯಾನಿನಂಥ ಸೈಲೆನ್ಸರ್ ಸಿಕ್ಕಿಸಿ, ಬಾಗಿಲಿಗೆ ಬೆಂಕಿಯ ಸ್ಟಿಕ್ಕರ್ ಅಂಟಿಸಿ ಕಳಿಸಿದ. ಶಬ್ದ ಭಯಂಕರ, ಓಟ ಮೊದಲಿಗಿಂತಲೂ ಕಡೆ. ಸೊಸೈಟಿಯ ಸೆಕ್ರೆಟರಿ ನೋಟೀಸ್ ಬೋರ್ಡಿನಲ್ಲಿ ನನ್ನ ಹೆಸರು ಹಾಕಿದರು. ಹದಿನೆಂಟು ವರ್ಷದ ಡೊಂಬಿವಲಿ ವಾಸದಲ್ಲಿ ನನ್ನ ಹೆಸರು ಬೋರ್ಡಿಗೆ ಬಂದದ್ದು ಅದೊಂದೇ ಸಲ.

ಆಗ ಠಾಕುರ್ಲಿಯ ಹೋಟೆಲೊಂದರ ನಮ್ಮೂರ ಮ್ಯಾನೇಜರ್ ಸಂಜೀವಣ್ಣನ ಹೆಸರು ಹೇಳಿದರು. ಬೆಳ್ಮಣ್ಣಿನ ಕಡೆಯವರು. ಹದಿನಾರನೇ ವಯಸ್ಸಿಗೆ ಕುರ್ಲಾದ ಹೋಟೆಲಿಗೆ ಬಂದು, ದೋಸೆ ಹಿಟ್ಟು ರುಬ್ಬುವ ಬದಲು ರುಬ್ಬುವ ಯಂತ್ರವನ್ನೇ ಬಿಚ್ಚಿ ಕೂತು, ಮಾಲಕರಿಂದ ಉಗಿಸಿಕೊಂಡು, ಪಕ್ಕದ ಮರಾಠಿ ಉಸ್ತಾದನ ಗ್ಯಾರೇಜು ಸೇರಿದವರು. ಈಗ ಮಾಜಿವಾಡಾದಲ್ಲಿ ಹೈವೇಯ ಹಿಂದೆ ಒಂದು ತಗಡಿನ ಶೆಡ್ಡು, ಹೊರಗೆ ಬೋರ್ಡು ಕೂಡ ಇಲ್ಲ. ಆದರೆ ಪುಣೆ, ನಾಶಿಕಗಳಿಂದ ರೇಸಿನವರು ಹುಡುಕಿಕೊಂಡು ಬಂದು ಇಂಜಿನ್ ಕಟ್ಟಿಸಿಕೊಂಡು ಹೋಗುತ್ತಾರೆ ಎಂದು ಮ್ಯಾನೇಜರ್ ಹೇಳಿದರು. ನಾನು ಅರ್ಧ ನಂಬಿ ಹೋದೆ.

ಅರವತ್ತು ದಾಟಿದ, ಬಿಳೀ ಬನಿಯನ್ನಿನ, ಸಪೂರ ಮನುಷ್ಯ. ನನ್ನ ಗಾಡಿಯ ಶಬ್ದವನ್ನು ಅರ್ಧ ನಿಮಿಷ ಕೇಳಿ, ಕೈ ಸನ್ನೆಯಿಂದ ಬಂದ್ ಮಾಡಿಸಿ, ಈ ಡೋಲು ಯಾರು ಕಟ್ಟಿದ್ದು ಎಂದು ವಿಚಾರಿಸಿದರು. ಆಮೇಲೆ ನಿಮಗೆ ಪವರ್ ಎಂತಕ್ಕೆ ಎಂದರು. ಕಚೇರಿಗೆ ಲೋಕಲ್ ರೈಲಿನಲ್ಲಿ ಹೋಗುವವನು ಏನು ಉತ್ತರ ಕೊಡಬೇಕು? ತಡವರಿಸಿ ಬಸ್ಸಿನ ಮುಚ್ಚಳದ ಕತೆ ಹೇಳಿದೆ. ಅವರು ನಗಲಿಲ್ಲ. ಆ ಡ್ರೈವರ್ ತಟ್ಟುತ್ತಿದ್ದದ್ದು ಎಡಗೈಯಲ್ಲೋ ಬಲಗೈಯಲ್ಲೋ ಎಂದು ಗಂಭೀರವಾಗಿ ಕೇಳಿದರು. ಎಡಗೈ ಎಂದೆ. ಗಾಡಿ ಬಿಟ್ಟು ಹೋಗಿ ಎಂದರು.

ಮುಂದಿನ ಮೂರು ತಿಂಗಳ ಭಾನುವಾರಗಳನ್ನು ನಾನು ಆ ಶೆಡ್ಡಿನಲ್ಲಿ ಒಂದು ಸ್ಟೂಲಿನ ಮೇಲೆ ಕಳೆದೆ. ಅಲ್ಲಿ ಕಂಡದ್ದನ್ನು ಹೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾಲ್ಕು ಪಿಸ್ಟನ್‌ಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ತೂಗುತ್ತಿದ್ದರು. ಒಂದು ಗುಲಗಂಜಿಯಷ್ಟು ಭಾರ ಹೆಚ್ಚಿದ್ದರೂ ಒಳಬದಿಯಲ್ಲಿ ಅರದಿಂದ ಒಂದೆರಡು ಸಲ ಉಜ್ಜಿ ಮತ್ತೆ ತೂಗುವುದು. ಗಾಳಿ ಒಳಗೆ ಹೋಗುವ ದಾರಿಗೆ ಕಿರುಬೆರಳು ತೂರಿಸಿ, ಕಣ್ಣು ಮುಚ್ಚಿಕೊಂಡು, ಎಲ್ಲಿ ದೊರಗಾಗಿದೆ ಎಂದು ಸವರಿ ನೋಡುವುದು. ಒಮ್ಮೆ ನನ್ನ ಬೆರಳನ್ನೂ ಹಿಡಿದು ಒಳಗೆ ತೂರಿಸಿದರು. ನನಗೆ ಎಲ್ಲ ಕನ್ನಡಿಯ ಹಾಗೆ ನುಣುಪು. ಅವರು ಇನ್ನೂ ಎರಡು ದಿನದ ಕೆಲಸವಿದೆ ಎಂದರು. ಒಂದು ಬೆರಳಿಗೆ ಅಷ್ಟು ತಿಳಿಯುತ್ತದೆಯೆಂದರೆ ನಮ್ಮ ಹತ್ತು ಬೆರಳುಗಳು ಇಷ್ಟು ವರ್ಷ ಏನು ಮಾಡುತ್ತಿದ್ದವು ಎಂದು ನನಗೆ ನಾಚಿಕೆಯಾಯಿತು.

ಬಿಡಿಭಾಗಗಳನ್ನೆಲ್ಲ ಜೋಡಿಸಿ ಇಂಜಿನ್ ಕಟ್ಟುವ ದಿನ ಮಾತ್ರ ಶೆಡ್ಡಿನಲ್ಲಿ ಮಡಿ. ಇದು ನನ್ನ ಮಾತಲ್ಲ, ಅವರದೇ. ಬೆಳಿಗ್ಗೆ ನೆಲ ತೊಳೆಯಬೇಕು. ಅವರು ಸ್ನಾನ ಮಾಡಿ ಒಗೆದ ಪಂಚೆಯುಟ್ಟು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಬೇಕು. ಆಮೇಲೆ ಯಾರೂ ಯಾವುದನ್ನೂ ಮುಟ್ಟುವ ಹಾಗಿಲ್ಲ, ಮಾತೂ ಇಲ್ಲ. ನಾನು ಶ್ರಾದ್ಧದ ಅಡುಗೆಮನೆಯ ಹೊರಗೆ ಕೂತ ಮೊಮ್ಮಗನ ಹಾಗೆ ಸ್ಟೂಲನ್ನು ಬಾಗಿಲಾಚೆ ಹಾಕಿಕೊಂಡೆ. ಒಂದು ಕೂದಲು, ಒಂದು ಧೂಳಿನ ಕಣ ಬಿದ್ದರೂ ಮೂರು ತಿಂಗಳ ಕೆಲಸ ಮಣ್ಣುಪಾಲು ಎಂದು ಆಮೇಲೆ ವಿವರಿಸಿದರು. ಕಟ್ಟಿ ಮುಗಿದ ಮೇಲೆ ಇಂಜಿನ್ನನ್ನು ಒಂದೇ ಬೆರಳಿನಿಂದ ತಿರುಗಿಸಿ ತೋರಿಸಿದರು. ಅಷ್ಟು ಭಾರದ ಕಬ್ಬಿಣ ಸದ್ದೇ ಇಲ್ಲದೆ ತಿರುಗಿತು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹೇಳಲು ಸಂಕೋಚವೇನಿಲ್ಲ, ಬಂತು. ಗಲಾಟೆಯಿಲ್ಲ, ಅರಚಾಟವಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಮಲಗಿದ ಪೈಲ್ವಾನನೊಬ್ಬನ ಉಸಿರು ಅಷ್ಟೆ.

ಸಂಜೀವಣ್ಣನದು ಒಂದು ಪದ್ಧತಿಯಿತ್ತು. ಇಂಜಿನ್ ಅವರು ಕಟ್ಟುತ್ತಾರೆ. ಆದರೆ ಪೆಟ್ರೋಲು ಮತ್ತು ಗಾಳಿಯ ಹದ ಮಾಡುವ ಕಡೆಯ ಸ್ಕ್ರೂ ಗಾಡಿಯ ಯಜಮಾನನದು. ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಅವನೇ ತನ್ನ ಮನೆಯ ಮುಂದೆ, ಬೆಳಗಿನ ತಂಪಿನಲ್ಲಿ, ತನ್ನ ಕೈಯಾರೆ ಅದನ್ನು ತಿರುಗಿಸಬೇಕು. ಆಮೇಲೆ ಆ ಸ್ಕ್ರೂವನ್ನು ಅವರು ಮುಟ್ಟುವುದಿಲ್ಲ. ಇದಕ್ಕೆಂದೇ ಅವರು ನನಗೊಂದು ಸಣ್ಣ ಸ್ಕ್ರೂಡ್ರೈವರ್ ಕೊಟ್ಟರು. ಕೊಟ್ಟು ಹೇಳಿದರು: "ಪೂರಾ ಟೈಟ್ ಮಾಡಿ, ಹಗುರಕ್ಕೆ. ಮತ್ತೆ ಪಾವಣೆ ದೋನ್ ಸುತ್ತು ಬಿಚ್ಚಿ. ಜಾಸ್ತಿ ಬೇಡ, ಕಮ್ಮಿ ಬೇಡ, ಗೊತ್ತಾಯ್ತಲ್ಲ?"

ಗೊತ್ತಾಯಿತು ಎಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಜೀವಣ್ಣ ಮನೆಯಲ್ಲಿ ಮಾತಾಡುವುದು ತುಳು. ನನ್ನ ತುಳು ಅಷ್ಟಕ್ಕಷ್ಟೇ ಆದ್ದರಿಂದ ನನ್ನ ಜೊತೆ ಕನ್ನಡ. ಆದರೆ ಲೆಕ್ಕ ಮಾತ್ರ ಮರಾಠಿಯಲ್ಲಿ, ಯಾಕೆಂದರೆ ಕೆಲಸ ಕಲಿತದ್ದು ಮರಾಠಿ ಉಸ್ತಾದನ ಕೈಯಲ್ಲಿ. ಮನುಷ್ಯ ಕೆಲಸ ಕಲಿತ ಭಾಷೆಯಲ್ಲೇ ಎಣಿಸುತ್ತಾನೆ. ನಾನೋ, ಮರಾಠಿ ನನಗೆ ನೀರು ಕುಡಿದಷ್ಟು ಸುಲಭ ಎಂದು ಕಚೇರಿಯಲ್ಲಿ ಜಂಬ ಕೊಚ್ಚಿಕೊಳ್ಳುವವನು. ಪಾವ್ ಕಿಲೋ ಬಟಾಟೆ ಎಂದರೆ ಕಾಲು ಕಿಲೋ. ನಮ್ಮೂರಲ್ಲೂ ಪಾವು ಎಂದರೆ ಸೇರಿನ ಕಾಲು ಭಾಗ. ಹಾಗಾದರೆ ಪಾವಣೆ ದೋನ್ ಎಂದರೆ ಎರಡೂಕಾಲು. ಇದರಲ್ಲಿ ಕೇಳುವುದಕ್ಕೇನಿದೆ?

ಮುನ್ನೂರು ಕಿಲೋಮೀಟರ್ ಮುಗಿದ ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ದೇವರಿಗೆ ಕೈ ಮುಗಿದು, ಶಶಿಯನ್ನು ಸಾಕ್ಷಿಗೆ ನಿಲ್ಲಿಸಿ, ಎರಡೂಕಾಲು ಸುತ್ತು ಬಿಚ್ಚಿದೆ. ನನ್ನ ಕೈಯಾರೆ ನನ್ನ ಗಾಡಿ ಹದ ಮಾಡಿದೆ ಎಂಬ ಹಮ್ಮಿನಲ್ಲಿ ಆ ದಿನ ಕಚೇರಿಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಗಾಡಿ ಕೆಡಲು ಶುರುವಾಯಿತು. ಸಿಗ್ನಲಿನಲ್ಲಿ ನಿಂತರೆ ಕುಲುಕಾಟ, ಹಿಂದೆ ಕಪ್ಪು ಹೊಗೆ, ಪೆಟ್ರೋಲಿನ ಘಾಟು. ಆ ಸ್ಕ್ರೂವಿನ ಪ್ರತಾಪವೆಲ್ಲ ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ; ಹೈವೇಯಲ್ಲಿ ಓಡಿಸುವವರಿಗೆ ಅಷ್ಟು ಗೊತ್ತೂ ಆಗುತ್ತಿರಲಿಲ್ಲ. ಆದರೆ ಡೊಂಬಿವಲಿಯಲ್ಲಿ ಗಾಡಿ ನಿಂತೇ ಇರುತ್ತದಲ್ಲ. ಮೂರು ವಾರದಲ್ಲಿ ಏರು ಹತ್ತುವ ಶಕ್ತಿಯೂ ಹೋಯಿತು. ಮಾಜಿವಾಡಾಕ್ಕೆ ಹೊಡೆದುಕೊಂಡು ಹೋದೆ.

ಸಂಜೀವಣ್ಣ ಮೊದಲು ಕೇಳಿದ್ದೇ ಸ್ಕ್ರೂವಿನ ವಿಷಯ. ಪಾವಣೆ ದೋನೇ ಬಿಚ್ಚಿದ್ದೀರಲ್ಲ ಎಂದರು. ಪಾವಣೆ ದೋನೇ ಎಂದು ನಾನು ಎದೆ ತಟ್ಟಿ ಹೇಳಿದೆ. ಇಬ್ಬರ ಬಾಯಲ್ಲೂ ಒಂದೇ ಮಾತು. ಮತ್ತೆ ಸಂಶಯಪಡುವುದಕ್ಕೆ ಅವರಿಗೆ ಕಾರಣವೇ ಇರಲಿಲ್ಲ. ಯಜಮಾನನ ಸ್ಕ್ರೂ ಮುಟ್ಟುವ ಪದ್ಧತಿಯೂ ಇಲ್ಲ. ಪ್ಲಗ್ ಬಿಚ್ಚಿ ನೋಡಿದರು, ಮಸಿ. ಗೇಜು ಹಾಕಿ ಒಳಗಿನ ಒತ್ತಡ ಅಳೆದರು, ನಾಲ್ಕರಲ್ಲೂ ಕಡಿಮೆ. ಅವರ ಮುಖ ಸಣ್ಣದಾಯಿತು. ಪಿಸ್ಟನ್ನಿನ ರಿಂಗುಗಳು ಬೋರಿಗೆ, ಅಂದರೆ ಪಿಸ್ಟನ್ ಆಡುವ ಕೊಳವೆಯ ಗೋಡೆಗೆ, ಕೂತೇ ಇಲ್ಲ, ಬೋರು ಉಜ್ಜಿದ್ದರಲ್ಲೇ ದೋಷ ಎಂದರು. ಉಜ್ಜಿದವರು ಅವರೇ.

ಸ್ವಲ್ಪ ಹೊತ್ತು ಬಲಗೈಯನ್ನು ಮುಂದೆ ಚಾಚಿ ಹಿಡಿದು ನೋಡಿದರು. ಬೆರಳ ತುದಿ ಸಣ್ಣಗೆ ನಡುಗುತ್ತಿತ್ತು. ಅರವತ್ತು ದಾಟಿದವರ ಕೈ ನಡುಗದೆ ಇನ್ನೇನು. ಆದರೆ ಅವರು ಅದನ್ನೇ ಸಾಕ್ಷಿ ಎಂದು ತೆಗೆದುಕೊಂಡರು. "ಈ ವರ್ಷದಿಂದ ಹೀಗೆ ಮಾರಾಯ್ರೆ. ನಾನು ಯಾರಿಗೂ ಹೇಳಿರಲಿಲ್ಲ."

ಅಷ್ಟರಲ್ಲಿ ಕಲ್ಯಾಣದ ಮ್ಹಾತ್ರೆಯ ಫೋನು ಬಂತು. ರೇಸಿನ ಗಾಡಿಯವನು, ಇಪ್ಪತ್ತು ವರ್ಷದ ಗಿರಾಕಿ, ಹೊಸ ಇಂಜಿನ್ ಕಟ್ಟಿಸಬೇಕಿತ್ತು. ಸಂಜೀವಣ್ಣ ಮರಾಠಿಯಲ್ಲಿ ಇಲ್ಲ ಎಂದರು. ಕೈ ಮೊದಲಿನ ಹಾಗಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದರು. ನನ್ನ ಕಡೆ ತಿರುಗಿ, ಮುಂದಿನ ಭಾನುವಾರ ಗಾಡಿ ತನ್ನಿ, ಇಂಜಿನ್ ಇಳಿಸಿ ಪೂರ್ತಿ ಬಿಚ್ಚಿ ಸರಿ ಮಾಡಿಕೊಡುತ್ತೇನೆ, ಅದಾದ ಮೇಲೆ ಶೆಡ್ಡಿಗೆ ಬೀಗ ಎಂದರು. ಯಾವ ಕಹಿಯೂ ಇಲ್ಲದೆ ಹೇಳಿದರು. ನನ್ನ ನಸೀಬನ್ನು ಶಪಿಸುತ್ತ, ಸಂಜೀವಣ್ಣನ ಮೇಲೆ ಕನಿಕರಪಡುತ್ತ ನಾನು ಮನೆಗೆ ಬಂದೆ. ಅಂಥ ಕೈಗೂ ಮುಪ್ಪು ಬರಬೇಕೇ ಎಂದು ಶಶಿಯ ಹತ್ತಿರ ಮರುಗಿದೆ.

ಆ ಬುಧವಾರ ನಮ್ಮ ಸೊಸೈಟಿಯಲ್ಲಿ ಸತ್ಯನಾರಾಯಣ ಪೂಜೆ; ನಾನು ಕಚೇರಿಗೆ ರಜೆ ಹಾಕಿದ್ದೆ. ಶಶಿ ಊರಿಂದ ಬಂದ ತಂಗಿಯ ಜೊತೆ ಹೊರಗೆ ಹೋಗಿದ್ದಳು. ಕೆಳಗಿನ ಮನೆಯ ಮರಾಠಿ ಕಾಕೂ ಹಿಂದಿನ ದಿನವೇ ನನಗೆ ಹೇಳಿದ್ದರು, ಆರತಿ ಪಾವಣೆ ದೋನ್‌ಗೆ ಎಂದು. ನಾನು ಅಂಗಿ ಇಸ್ತ್ರಿ ಮಾಡಿ ಸರಿಯಾಗಿ ಎರಡೂಕಾಲಿಗೆ ಇಳಿದು ಹೋದರೆ ಆರತಿ ಮುಗಿದು, ಪ್ರಸಾದ ಹಂಚಿ, ಪಾತ್ರೆ ತೊಳೆಯುತ್ತಿದ್ದಾರೆ. ಎರಡೂಕಾಲಿಗೆ ಅಂದಿರಲ್ಲ ಎಂದು ನಾನೇ ಮೇಲೆ ಬಿದ್ದು ಕೇಳಿದೆ. ಕಾಕೂ ಪ್ರಸಾದದ ದೊನ್ನೆ ಕೈಗಿಡುತ್ತ ನಕ್ಕರು. "ಅಹೋ, ಪಾವಣೆ ದೋನ್ ಮ್ಹಣಜೆ ದೋನ್‌ಲಾ ಪಾವ್ ಕಮೀ."

ಎರಡಕ್ಕೆ ಕಾಲು ಕಡಿಮೆ. ಒಂದೂಮುಕ್ಕಾಲು.

ಹದಿನೆಂಟು ವರ್ಷ ಇಲ್ಲಿದ್ದು ಇದು ತಿಳಿಯಲಿಲ್ಲವೇ ಎಂದು ನೀವು ಕೇಳುತ್ತೀರಿ. ನಮ್ಮ ಜೀವನವೆಲ್ಲ ಲೋಕಲ್ ರೈಲಿನ ವೇಳೆಯಲ್ಲಿ ನಡೆಯುತ್ತದೆ ಸ್ವಾಮಿ. ಎಂಟು ಮೂವತ್ತೇಳು ಫಾಸ್ಟ್, ಎಂಟು ನಲವತ್ತಮೂರು ಸ್ಲೋ. ಕಾಲು, ಮುಕ್ಕಾಲು ಎಂದು ಮಾತಾಡಿದವನಿಗೆ ರೈಲು ತಪ್ಪುತ್ತದೆ. ಹೀಗಾಗಿ ನಿಮಿಷ ನಿಮಿಷದ ಮರಾಠಿ ಕಲಿತ ನನಗೆ ಕಾಲಿನ ಮರಾಠಿ ಬರಲೇ ಇಲ್ಲ. ಪ್ರಸಾದದ ದೊನ್ನೆ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಅರ್ಧ ಸುತ್ತು ಹೆಚ್ಚು. ಮೂರು ವಾರ ಹೆಚ್ಚುವರಿ ಪೆಟ್ರೋಲು ಒಳಗಿಳಿದು, ಬೋರಿನ ಎಣ್ಣೆ ತೊಳೆದು, ರಿಂಗುಗಳನ್ನು ಕೂರಗೊಡದೆ ಇದ್ದದ್ದು ನನ್ನ ಸ್ಕ್ರೂ.

ಮೇಲೆ ಓಡಿ ಸ್ಕ್ರೂಡ್ರೈವರ್ ತಂದು ಅರ್ಧ ಸುತ್ತು ಒಳಗೆ ತಿರುಗಿಸಿದೆ. ಪ್ಲಗ್ಗಿನ ಮಸಿ ಒರೆಸಿ, ಎಣ್ಣೆ ಬದಲಿಸಿದೆ. ಮುಂದಿನ ಮೂರು ದಿನ ಬೆಳಗಿನ ಜಾವವೇ ಎದ್ದು ಕಲ್ಯಾಣದಾಚೆ ಮುರಬಾಡ ರಸ್ತೆಯಲ್ಲಿ ಓಡಿಸಿದೆ. ಮೊದಲ ದಿನ ಹೊಗೆ ನಿಂತಿತು. ಶುಕ್ರವಾರದ ಹೊತ್ತಿಗೆ ಗಾಡಿ ಎಂಥ ಏರಿಗೂ ಮೂರನೇ ಗೇರು ಸಾಕು ಎನ್ನತೊಡಗಿತು. ನಾನು ಕೇಳಿದ್ದು, ಕನಸಿದ್ದು ಎಲ್ಲ ಅದರಲ್ಲಿತ್ತು. ಅದನ್ನು ಕಟ್ಟಿದ ಕೈ ನೆನೆದು ಸ್ಟೇರಿಂಗಿಗೆ ಹಣೆ ಹಚ್ಚಿ ಕೂತೆ.

ಆದರೆ ಫೋನ್ ಮಾಡಲಿಲ್ಲ. ಏನು ಹೇಳಲಿ? ಮರಾಠಿ ಬರುವುದಿಲ್ಲ ಎಂದೇ? ಎದೆ ತಟ್ಟಿ ಹೇಳಿದ್ದು ಸುಳ್ಳು ಎಂದೇ? ಗಾಡಿ ತಾನಾಗಿಯೇ ಸರಿಹೋಯಿತು, ರಿಂಗುಗಳು ನಿಧಾನಕ್ಕೆ ಕೂತವು ಎಂದರೆ ಯಾರಿಗೂ ನಷ್ಟವಿಲ್ಲ ಎಂದು ಶನಿವಾರ ಸಂಜೆ ಶಶಿಗೆ ವಿವರಿಸಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದಳು. "ಗಾಡಿ ಸರಿಯಾಯ್ತು. ಅವರ ಕೈ?" ಎಂದಳು.

ಭಾನುವಾರ ಬೆಳಿಗ್ಗೆ ಮಾಜಿವಾಡಾ ಮುಟ್ಟಿದಾಗ ಶೆಡ್ಡಿನ ನೆಲ ಆಗಲೇ ತೊಳೆದಿತ್ತು. ಮೇಜಿನ ಮೇಲೆ ಬಿಳೀ ಬಟ್ಟೆ. ಸಂಜೀವಣ್ಣ ಒಗೆದ ಪಂಚೆಯಲ್ಲಿ, ಇಂಜಿನ್ ಎತ್ತುವ ಸರಪಳಿ ಇಳಿಬಿಟ್ಟುಕೊಂಡು ಕಾಯುತ್ತಿದ್ದರು. ಗಡ್ಡ ಬೋಳಿಸಿರಲಿಲ್ಲ. ಈ ಕೆಲಸಕ್ಕೆ ಬೇಡದ ಸ್ಪ್ಯಾನರುಗಳೆಲ್ಲ ಒಂದು ಗೋಣಿಯಲ್ಲಿ ಕಟ್ಟಿ ಗೋಡೆಗೆ ಒರಗಿಸಿದ್ದು ಕಂಡಿತು. ಅವರು ಬಾನೆಟ್ಟಿಗೆ ಕೈ ಹಾಕುವ ಮೊದಲೇ ನಾನು ಎಲ್ಲವನ್ನೂ ಒದರಿಬಿಟ್ಟೆ. ಪಾವು, ಬಟಾಟೆ, ಎರಡೂಕಾಲು, ಕಾಕೂ, ಪ್ರಸಾದ, ಯಾವುದೂ ಬಿಡಲಿಲ್ಲ.

ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಬೈಯಲಿಲ್ಲ. ಗೇಜು ತಂದು ಒಂದೊಂದೇ ಪ್ಲಗ್ ಬಿಚ್ಚಿ, ನನಗೆ ಸ್ಟಾರ್ಟರ್ ಹೊಡೆಯಲು ಹೇಳಿ, ಒತ್ತಡ ಅಳೆದರು. ನಾಲ್ಕು ಸಲವೂ ಮುಳ್ಳು ಒಂದೇ ಕಡೆ, ಬೇಕಾದಲ್ಲೇ ನಿಂತಿತು. ಕಡೆಯ ಸಲ ಅದನ್ನು ಅವರು ಬಹಳ ಹೊತ್ತು ನೋಡಿದರು.

"ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ನಾಲ್ಕು ದಿನ, ಸಂಜೀವಣ್ಣ."

"ನಾಲ್ಕು ದಿನ," ಎಂದರು. ಆ ಎರಡು ಶಬ್ದದ ಭಾರ ನನ್ನಿಂದ ಇವತ್ತಿಗೂ ಇಳಿದಿಲ್ಲ.

ಕೈ ಒರೆಸಿಕೊಂಡು ಫೋನ್ ತೆಗೆದರು. ಆ ಕಡೆ ಮ್ಹಾತ್ರೆ. ಇಂಜಿನ್ ಇನ್ನೂ ಯಾರಿಗೂ ಕೊಟ್ಟಿಲ್ಲವಾದರೆ ತನ್ನಿ, ನಾನೇ ಕಟ್ಟುತ್ತೇನೆ ಎಂದರು. ಅವನು ಕೈಯ ವಿಷಯ ವಿಚಾರಿಸಿದನೆಂದು ಕಾಣುತ್ತದೆ, ಡಾಕ್ಟರಿಗೆ ತೋರಿಸಿದಿರಾ ಎಂದೋ ಏನೋ. ಸಂಜೀವಣ್ಣ ನನ್ನ ಕಡೆ ನೋಡಲಿಲ್ಲ. ತಮ್ಮ ಬಲಗೈಯನ್ನು ಬಿಳೀ ಬಟ್ಟೆಯ ಮೇಲೆ ಅಂಗೈ ಕೆಳಗಾಗಿ ಇಟ್ಟು ಉತ್ತರ ಕೊಟ್ಟರು.

"ಹಾತಾಲಾ ಕಾಹೀಚ್ ಝಾಲಂ ನವ್ಹತಂ."

ಆ ಮರಾಠಿ ನನಗೆ ತಪ್ಪಿಲ್ಲದೆ ಅರ್ಥವಾಯಿತು. ಕೈಗೆ ಏನೂ ಆಗಿರಲಿಲ್ಲ.